ಎಡಗಡೆಯ ಈರುಳ್ಳಿ

ತಟ್ಟೆಯಲ್ಲಿ ಉಪ್ಪಿಟ್ಟು ಉಳಿದಿದೆ ಎಂದು ಮೊದಲು ಹೇಳಿದವರು ನಮ್ಮ ಯಜಮಾನರು.

“ಏನೇ, ಅರ್ಧಕ್ಕೇ ಬಿಟ್ಟಿದೀಯಲ್ಲ? ಉಪ್ಪು ಜಾಸ್ತಿ ಆಯ್ತಾ?”

ನಾನು ಪೂರ್ತಿ ತಿಂದಿದ್ದೆ. ನನ್ನ ಪಾಲಿಗೆ ತಟ್ಟೆ ಖಾಲಿಯಾಗಿತ್ತು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಎದ್ದೆ. ಎಡಭುಜ ಬಾಗಿಲಿಗೆ ಬಡಿಯಿತು. ಲೋಟ ಬಿತ್ತು. ಅದು ನನ್ನದೇ ಎಡಗೈಯಿಂದ ಬಿದ್ದದ್ದು ಎಂಬುದು ಸದ್ದಾದ ಮೇಲೆ ತಿಳಿಯಿತು.

ಕಡೂರಿನ ಡಾಕ್ಟರು ನೋಡಿದ ಕೂಡಲೇ ಶಿವಮೊಗ್ಗಕ್ಕೆ ಕಳಿಸಿದರು. ಆಂಬುಲೆನ್ಸ್ ತರೀಕೆರೆ ದಾಟುವಾಗ ಯಜಮಾನರು ನನ್ನ ಎಡಗೈ ಹಿಡಿದು ಕೂತಿದ್ದರಂತೆ. ನನಗೆ ಗೊತ್ತೇ ಇಲ್ಲ. ಅಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು.

ಸ್ಟ್ರೋಕ್.

“ಕಣ್ಣು ಚೆನ್ನಾಗಿದೆ ಅಮ್ಮ,” ಎಂದರು ನ್ಯೂರಾಲಜಿಸ್ಟ್. “ಎಡಗಡೆ ಇರೋದನ್ನ ಬ್ರೈನ್ ಲೆಕ್ಕಕ್ಕೇ ತಗೋತಿಲ್ಲ. ನೆಗ್ಲೆಕ್ಟ್ ಅಂತೀವಿ. ಕಷ್ಟ ಏನಂದ್ರೆ, ಬಿಟ್ಟುಹೋಗಿದೆ ಅಂತ ನಿಮಗೆ ಅನ್ನಿಸೋದೂ ಇಲ್ಲ.”

ನಾನು ಕೇಳಿದ್ದು ಒಂದೇ ಮಾತು. “ಚಿತ್ರ ಬರೀಬಹುದಾ?”

ಸರ್ವೀಸ್ ಪೂರ್ತಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಿಸ್ ಆಗಿದ್ದವಳು ನಾನು. ಬಲಗೈಗೆ ಏನೂ ಆಗಿರಲಿಲ್ಲ. ಅದೊಂದು ಉಳಿದರೆ ನಾನು ಉಳಿದ ಹಾಗೆ ಎಂದುಕೊಂಡಿದ್ದೆ. ಡಾಕ್ಟರು, “ಬರೀರಿ, ನೋಡೋಣ,” ಎಂದರು. ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.

ಮನೆಗೆ ಬಂದಾಗ ಅಜ್ಜಂಪುರದಿಂದ ವನಜ ಬಂದಿದ್ದಳು. ಮೈದುನನ ಹೆಂಡತಿ, ನನ್ನ ಓರಗಿತ್ತಿ. ಸ್ನಾನ ಮಾಡಿಸಿದಳು, ತಲೆ ಬಾಚಿದಳು, ಜೋತುಬೀಳುವ ಸೆರಗನ್ನು ಎತ್ತಿ ಪಿನ್ ಹಾಕಿದಳು. ಯಾರು ಬೇಕಾದರೂ ಬಂದು ಮಾಡಬಹುದಿತ್ತು, ಅವಳೊಬ್ಬಳನ್ನು ಬಿಟ್ಟು. ಯಾವ ಪರೀಕ್ಷೆಯನ್ನೂ ಪಾಸು ಮಾಡದೆ, ಮೊಬೈಲ್ ನೋಡಿಕೊಂಡು ಪೇಸ್ಟಲ್ ಬಣ್ಣದ ಕಡ್ಡಿಯಲ್ಲಿ ಚಿತ್ರ ಬರೆಯಲು ಕಲಿತವಳು ಅವಳು. ಈಗ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ಅವಳದೇ ಚೊಂಬು, ಅವಳದೇ ಬಾಳೆಹಣ್ಣು. “ನಿಮ್ಮ ವನಜಮ್ಮನ ಕೈ ಅಂದ್ರೆ ಕೈ ಕಣ್ರೀ,” ಎಂದು ಜನ ನನ್ನೆದುರಿಗೇ ಹೇಳುತ್ತಾರೆ. ನಾನು ನಗುತ್ತೇನೆ. ಹೊಟ್ಟೆಯೊಳಗೆ ಉರಿಯುತ್ತಿರುತ್ತದೆ.

ಥೆರಪಿಸ್ಟ್ ಮೇಡಂ, “ಯಾವುದಾದ್ರೂ ಒಂದು ಚಿತ್ರ ಇಟ್ಕೊಂಡು ಹಾಗೇ ಕಾಪಿ ಮಾಡಿ. ಎಲ್ಲಿ ಬಿಡ್ತೀರಿ ಅಂತ ಗೊತ್ತಾಗುತ್ತೆ,” ಎಂದರು. ಯಜಮಾನರು ಬೀರುವಿನ ಮೇಲಿಂದ ಒಂದು ಕಟ್ಟು ಇಳಿಸಿದರು. ನಮ್ಮ ಗೃಹಪ್ರವೇಶಕ್ಕೆ ವನಜ ಕೊಟ್ಟಿದ್ದು. ನಾನು ಅದನ್ನು ಬಿಚ್ಚಿಯೇ ಇರಲಿಲ್ಲ.

ಸ್ಟಿಲ್ ಲೈಫ್. ಮಣ್ಣುಬಣ್ಣದ ಕಾಗದದ ಮೇಲೆ ಹಿತ್ತಾಳೆ ಚೊಂಬು, ಪಕ್ಕದಲ್ಲಿ ಒಡೆದ ತೆಂಗಿನಕಾಯಿ. ನಾನು ಮಕ್ಕಳಿಗೆ ಮೊದಲು ಔಟ್‌ಲೈನ್ ಹೇಳಿಕೊಟ್ಟವಳು. ಇವಳಲ್ಲಿ ಗೆರೆಯೇ ಇಲ್ಲ. ಮೊದಲು ನೆರಳು, ಅದೂ ನೇರಳೆ ಬಣ್ಣದಲ್ಲಿ. ಆಮೇಲೆ ಬೆರಳಿನಿಂದ ತೀಡುವುದು. ಕೊನೆಗೆ ಬೆಳಕಿನದೊಂದು ಚುಕ್ಕೆ. ಅವಳಂತೆಯೇ ತೀಡಿದೆ, ಅವಳಂತೆಯೇ ಚುಕ್ಕೆಯಿಟ್ಟೆ. ಕಾಯಿ ಬಂತು. ಅವಳದರಷ್ಟು ಹಸಿಯಾಗಿ ಬರಲಿಲ್ಲ, ಆದರೂ ಬಂತು. ಈ ಗುಟ್ಟೊಂದು ಕೈವಶವಾದರೆ ಇವಳ ಜಂಬ ಇಳಿಸಬಹುದು ಎಂಬ ಆಸೆಯಲ್ಲಿ ದಿನಾ ಕೂರುತ್ತಿದ್ದೆ. ನಿಜ ಹೇಳಬೇಕೆಂದರೆ ಮಾತ್ರೆಗಿಂತ ಆ ಆಸೆಯೇ ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಅಷ್ಟರಲ್ಲಿ ಅವಳ ಚಿತ್ರದಲ್ಲಿ ಒಂದು ತಪ್ಪು ಸಿಕ್ಕಿತು. ಚೊಂಬಿಗೆ ಅರ್ಧವೇ ಬಾಯಿ!

“ಏನೇ ವನಜ, ಚೊಂಬನ್ನ ಅರ್ಧಕ್ಕೇ ಬಿಟ್ಟಿದೀಯಲ್ಲ?” ಎಂದೆ. ಕಾಯಿಲೆ ಬಿದ್ದ ಮೇಲೆ ಅಷ್ಟು ಖುಷಿ ನನಗೆ ಆಗಿರಲೇ ಇಲ್ಲ.

ಅವಳು ನನ್ನ ಕಾಗದವನ್ನು ನೋಡಿದಳು, ತನ್ನ ಚಿತ್ರವನ್ನು ನೋಡಿದಳು. ಆಮೇಲೆ ತನ್ನ ಚಿತ್ರವನ್ನು ತಲೆಕೆಳಗು ಮಾಡಿ ನನ್ನ ಮುಂದಿಟ್ಟಳು. ಎಡಗಡೆ ಇದ್ದದ್ದು ಬಲಕ್ಕೆ ಬಂತು.

ಈರುಳ್ಳಿ.

ಅಜ್ಜಂಪುರದ ಕೆಂಪು ಈರುಳ್ಳಿ. ಸಿಪ್ಪೆ ಅರ್ಧ ಸುಲಿದು ಗಾಳಿಗೆ ಎದ್ದು ನಿಂತಿತ್ತು. ಸಿಪ್ಪೆಯ ಮೂಲಕ ಬೆಳಕು ತೂರಿ ಬಂದು ಮೇಜಿನ ಮೇಲೆ ಗುಲಾಬಿಯಾಗಿ ಬಿದ್ದಿತ್ತು. ಇಡೀ ಚಿತ್ರ ಇದ್ದದ್ದೇ ಆ ಈರುಳ್ಳಿಗಾಗಿ. ಅಷ್ಟು ದಿನ ನಾನು ಹೊಟ್ಟೆಕಿಚ್ಚುಪಟ್ಟಿದ್ದು ಅರ್ಧ ಚಿತ್ರಕ್ಕೆ ಮಾತ್ರ.

“ನಂದನ್ನೂ ತಿರುಗಿಸು,” ಎಂದೆ. ಅವಳು ಹಿಂದೆಮುಂದೆ ನೋಡಿದಳು. “ಬ್ಯಾಡ ಕಣಕ್ಕ.” ನಾನೇ ಬಲಗೈಯಿಂದ ತಿರುಗಿಸಿದೆ.

ಬಲಕ್ಕೆ ಬಂದ ಅರ್ಧ ಕಾಗದ ಖಾಲಿಯಿತ್ತು.

ಅವತ್ತು ಅತ್ತುಬಿಟ್ಟೆ. ಅವಳೆದುರಿಗೇ ಅತ್ತೆ, ಅದೇ ಹೆಚ್ಚು ನೋವಾಗಿದ್ದು. ಡಾಕ್ಟರು ಹೇಳಿದ್ದು ಆವಾಗ ಅರ್ಥವಾಯಿತು. ಬಲಗೈ ಉಳಿದಿತ್ತು, ಆದರೆ ಅದಕ್ಕೆ ಸಿಕ್ಕುತ್ತಿದ್ದದ್ದು ಅರ್ಧ ಲೋಕ.

ಮೇಡಂ ಹೇಳಿಕೊಟ್ಟಂತೆ ವನಜ ಪ್ರತಿ ಕಾಗದದ ಎಡ ಅಂಚಿಗೆ ಕೆಂಪು ಪೇಸ್ಟಲಿನಿಂದ ದಪ್ಪ ಗೆರೆ ಎಳೆದಿಟ್ಟಳು. ಕೆಂಪು ಸಿಕ್ಕುವ ತನಕ ನಾನು ಕತ್ತು ತಿರುಗಿಸಬೇಕು. ಆಮೇಲೆ ಶುರು ಮಾಡಬೇಕು. ಅವಳು ನನ್ನ ಎಡಕ್ಕೇ ಕೂತಳು. “ಇನ್ನೂ ಈ ಕಡೆ ಬಾ ಅಕ್ಕ. ಇನ್ನೊಂಚೂರು. ನಾನು ಇಲ್ಲಿದೀನಿ ಕಣಕ್ಕ.” ಅವಳ ದನಿ ಹಿಡಿದು ಹುಡುಕಿಕೊಂಡು ಹೋಗುತ್ತಿದ್ದೆ. ಕತ್ತು ನೋಯುತ್ತಿತ್ತು. ಚೊಂಬಿನ ಉಳಿದರ್ಧ ಬಂತು. ಬಹಳ ದಿನಗಳಾದ ಮೇಲೆ ಈರುಳ್ಳಿಯೂ ಬಂತು, ಆಲೂಗೆಡ್ಡೆಯ ಹಾಗೆ.

ವನಜ ಈಗ ಅಜ್ಜಂಪುರಕ್ಕೆ ಹಿಂದಿರುಗಿದ್ದಾಳೆ. ಕೆಂಪು ಗೆರೆಯನ್ನು ನಾನೇ ಎಳೆದುಕೊಳ್ಳುತ್ತೇನೆ. ಸುಸ್ತಾದ ದಿನ ತಟ್ಟೆಯ ಎಡಭಾಗ ಈಗಲೂ ಉಳಿಯುತ್ತದೆ. ಯಜಮಾನರು ಮಾತಾಡದೆ ತಟ್ಟೆ ತಿರುಗಿಸುತ್ತಾರೆ. ಅವಳಿಗೆ ನಾನು ಥ್ಯಾಂಕ್ಸ್ ಹೇಳಿದ್ದೇನೆ, ಫೋನಿನಲ್ಲಿ, ಒಂದೇ ಉಸಿರಿಗೆ. ಹೊಟ್ಟೆಕಿಚ್ಚು ಮಾತ್ರ ಹಾಗೇ ಇದೆ. ನನ್ನ ಈರುಳ್ಳಿಯ ಸಿಪ್ಪೆಯಲ್ಲಿ ಇನ್ನೂ ಬೆಳಕು ತೂರುವುದಿಲ್ಲ.

ಅವಳ ಚಿತ್ರಕ್ಕೆ ಫ್ರೇಮ್ ಹಾಕಿಸಿದೆ. ಎಲ್ಲಿ ಮೊಳೆ ಹೊಡೆಯಲಿ ಎಂದು ಯಜಮಾನರು ಕೇಳಿದಾಗ ಹಾಸಿಗೆಯ ಎಡಗೋಡೆ ತೋರಿಸಿದೆ. ಬೆಳಗ್ಗೆ ಎದ್ದ ಕೂಡಲೇ ಕತ್ತು ತಾನಾಗಿ ಆ ಕಡೆ ಹೊರಳುತ್ತದೆ. ಚೊಂಬು ದಾಟಿ, ಈರುಳ್ಳಿಯ ತನಕ ಪೂರ್ತಿ ನೋಡುತ್ತೇನೆ. ಪೂರ್ತಿ ಹೊಟ್ಟೆ ಉರಿದ ಮೇಲೆ ಏಳುತ್ತೇನೆ.