ದಿವಾನಖಾನೆಯಲ್ಲಿ ಒಗ್ಗರಣೆ

ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್ ಊರಾಚೆ ನಾವು ಬಾಡಿಗೆಗಿದ್ದದ್ದು, ವಿಕ್ಟೋರಿಯಾ ಕಾಲದ ಇಂಗ್ಲಿಷ್ ಬಂಗಲೆಗಳ ಮಾದರಿಯಲ್ಲಿ ಯಾರೋ ಜಮೀನ್ದಾರರು ಕಟ್ಟಿಸಿದ್ದ ಮನೆಯಲ್ಲಿ. ಕೆಂಪು ಇಟ್ಟಿಗೆ, ಚೂಪು ಕಮಾನಿನ ಕಿಟಕಿಗಳು. ಥೇಟ್ ನಾನು ಓದಿದ ಕಾನ್ವೆಂಟ್. ಮೊದಲ ದಿನ ಖುಷಿಯೇ ಆಗಿತ್ತು. ಒಳಗೆ ಫ್ಲಾಟುಗಳಾಗಿ ಸೀಳಿದ್ದರು. ನಮ್ಮ ಪಾಲಿಗೆ ಬಂದದ್ದು ಹಳೆಯ ದಿವಾನಖಾನೆ. ಚಾವಣಿಯಲ್ಲಿ ಗಾರೆಯ ದ್ರಾಕ್ಷಿಗೊಂಚಲುಗಳು, ಅವುಗಳ ಕೆಳಗೇ ಮೂಲೆಯಲ್ಲಿ ನನ್ನ ಒಲೆ.

ಕಟ್ಟಿಸಿದವರು ಅಡುಗೆಮನೆಯನ್ನು ಹಿಂಬದಿಯ ಕೊನೆಗೆ ಇಟ್ಟಿದ್ದರು. ಅಲ್ಲಿಗೆ ಹೋಗುವ ಒಳಹಾದಿಗೆ ಎರಡು ತಿರುವು, ಎರಡು ಬಾಗಿಲು, ವಾಸನೆ ಅತಿಥಿಗಳ ಮೂಗಿಗೆ ತಲುಪಬಾರದೆಂದು. ಅಷ್ಟೆಲ್ಲ ಯೋಚಿಸಿ ಕಟ್ಟಿದ ಮನೆಯ ದಿವಾನಖಾನೆಯಲ್ಲಿ ನಾನು ಇಂಗು, ಸಾಸಿವೆ ಸಿಡಿಸಿದರೆ ಹೊಗೆ ಎಲ್ಲಿಗೆ ಹೋಗಬೇಕು? ದ್ರಾಕ್ಷಿಗೊಂಚಲಿಗೆ ಹೋಯಿತು, ಅಲ್ಲಿಂದ ಮೇಲಿನ ಮನೆಗೂ. ಮೇಲಿನವರು ದೂರು ಕೊಟ್ಟರು.

ಎಕ್ಸಾಸ್ಟ್ ಫ್ಯಾನಿಗೆಂದು ಗೋಡೆಯಲ್ಲಿ ಒಂದು ತೂತು ಕೇಳಿದೆ. ಕಟ್ಟಡದ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಹಿರಿಯಾಕೆ ಕಾಫಿ ಕೊಟ್ಟು, ಇದು ಸಂರಕ್ಷಿತ ಕಟ್ಟಡ, ಇಟ್ಟಿಗೆ ಮುಟ್ಟಲು ಕೊಮ್ಯೂನ್‌ನವರು, ಅಂದರೆ ಅಲ್ಲಿನ ನಗರಸಭೆಯವರು, ಬಿಡುವುದಿಲ್ಲ ಎಂದರು. ಹುರಿಯದೆ, ಬರೀ ಬೇಯಿಸಿದರೆ ಆಗದೇ ಎಂದೂ ಕೇಳಿದರು.

"ನಾವಿಲ್ಲಿರೋದು ಎರಡು ವರ್ಷ ತಾನೇ, ಅಡ್ಜಸ್ಟ್ ಮಾಡ್ಕೊಳ್ಳೇ," ಎಂದರು ನಮ್ಮವರು. ವಾರವಿಡೀ ಒಗ್ಗರಣೆಯಿಲ್ಲದ ಸಾರು ಬಡಿಸಿದೆ. "ಇದೇನೇ, ಬೇಳೆ ತೊಳೆದ ನೀರಾ?" ಎಂದವರೂ ಅವರೇ.

ಹಳೆಯ ಅಡುಗೆಮನೆ ಈಗ ಎಲ್ಲ ಮನೆಯವರೂ ಸರದಿಯಂತೆ ಬಟ್ಟೆ ಒಗೆಯುವ ಕೋಣೆ. ಒಲೆ ಹೋಗಿದ್ದರೂ ಅದರ ಗೂಡು, ಮೇಲಿನ ಚಿಮಣಿ ಹಾಗೇ ಇದ್ದವು. ಗೂಡಿನೊಳಗೆ ಕೈ ಇಟ್ಟರೆ ಗಾಳಿ ಮೇಲಕ್ಕೆ ಎಳೆಯುವುದು ತಿಳಿಯುತ್ತಿತ್ತು. ನನ್ನ ಸರದಿಯ ದಿನ ಬಟ್ಟೆಬುಟ್ಟಿಯ ತಳದಲ್ಲಿ ಪುಟ್ಟ ಕರೆಂಟ್ ಒಲೆ, ಎಣ್ಣೆ, ಒಗ್ಗರಣೆ ಸೌಟು ಅಡಗಿಸಿಕೊಂಡು ಹೋದೆ. ಮೆಷಿನ್ನಿನಲ್ಲಿ ಬೆಡ್‌ಶೀಟುಗಳು ತಿರುಗುತ್ತಿದ್ದವು. ಸಾಸಿವೆ ಚಟಪಟ ಎಂದಿತು, ಇಂಗು ಅರಳಿತು, ಹೊಗೆ ಒಂದಿಷ್ಟೂ ಅತ್ತಿತ್ತ ಹೋಗದೆ ಚಿಮಣಿ ಹತ್ತಿತು.

ಬಾಗಿಲಲ್ಲಿ ಆ ಹಿರಿಯಾಕೆ ನಿಂತಿದ್ದರು. ಗೂಡನ್ನು ನೋಡಿದರು, ಸೌಟನ್ನು ನೋಡಿದರು.

"ಇದು ಅಡುಗೆಮನೆಯೇ ಅಲ್ಲವೇ?" ಎಂದೆ.

"ಆಗಿತ್ತು," ಎಂದರು, ನಯವಾಗಿಯೇ.

ಮುಂದಿನ ಸರದಿಗೆ ಹೋದಾಗ ಗೂಡಿನ ಬಾಯಿಗೆ ಹಲಗೆ ಹೊಡೆದು, ಗೋಡೆಯದೇ ಬಣ್ಣ ಬಳಿದಿದ್ದರು. ಮೊಳೆಗಳ ತಲೆ ಕೂಡ ಕಾಣದಷ್ಟು ಅಚ್ಚುಕಟ್ಟು. ಆ ಮನೆಯಲ್ಲಿ ಹೊಸ ತೂತು ಕೊರೆಯುವಂತಿರಲಿಲ್ಲ, ಇದ್ದದ್ದನ್ನು ಮುಚ್ಚಬಹುದಿತ್ತು. ಸೌಟನ್ನು ಮತ್ತೆ ಬುಟ್ಟಿಯ ತಳಕ್ಕೆ ತಳ್ಳಿ, ಮೆಷಿನ್ನಿನ ಗುಂಡಿ ಒತ್ತಿದೆ.