ಅತ್ತೆಯ ಬಾಗಿಲಿಗೆ ಬಿಳಿ ಜಾಳಿಗೆ

ನಮ್ಮ ಹುಲಿಗೆಮ್ಮ ಅತ್ತೆಯ ಕಣ್ಣಿಗೆ ಏನೂ ಆಗಿಲ್ಲ. ಮೂರು ವರ್ಷದಿಂದ ಆಕೆಗೆ ಬೀದಿ ಕಾಣದ ಹಾಗೆ ಮಾಡಿದವಳು ನಾನು — ಬೇಕಂತಲೇ, ಗೊತ್ತಿದ್ದೇ, ಮೇಲಾಗಿ ಹಾಡು ಗುನುಗುತ್ತಾ. ಇಡೀ ದೇವದುರ್ಗದಲ್ಲಿ ಬಾಯಿಬಡುಕಿ ಎಂದು ಹೆಸರಾದವಳು ನಾನು. ನನ್ನ ಹೊಟ್ಟೆಯಲ್ಲಿ ಒಂದು ಮಾತು ಒಂದು ತಾಸು ನಿಲ್ಲುವುದಿಲ್ಲ. ಇದು ಮಾತ್ರ ಮೂರು ವರ್ಷ ನಿಂತಿದೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಮಾನ್ವಿ ಕಡೆಯ ಕುರ್ಡಿಯಲ್ಲಿ ಅಂಗನವಾಡಿ ಸಹಾಯಕಿಯಾಗಿದ್ದಳು. ಮನೆಮನೆಗೆ ಹೋಗಿ ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುವುದೇ ಆಕೆಯ ಕೆಲಸ. ನಡೆದೂ ನಡೆದೂ ಎರಡೂ ಮೊಣಕಾಲು ಸವೆದವು. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಅಪ್ಪ ಹೋಗಿ ನಮ್ಮ ಮನೆಗೆ ಕರೆತಂದ. ಒಂದು ಟ್ರಂಕು, ಕೌದಿ ಹೊಲಿಯಲು ಒಂದು ಚೀಲ ಹಳೇ ಸೀರೆಯ ತುಂಡು, ಒಂದು ಕಟ್ಟಿಗೆಯ ಕುರ್ಚಿ — ಇಷ್ಟು ಆಕೆಯ ಆಸ್ತಿ. ಬಂದ ದಿನವೇ ಆ ಕುರ್ಚಿ ಬಾಗಿಲಲ್ಲಿ ಬೇರು ಬಿಟ್ಟಿತು.

ನಮ್ಮದು ಪಡುವಣ ಬಾಗಿಲು. ಒಂದು ಕಟ್ಟಿಗೆಯದು, ಅದರ ಹೊರಗೆ ಒಂದು ಸೊಳ್ಳೆ ಜಾಳಿಗೆಯದು. ಅಪ್ಪ ಹಳ್ಳಿಯ ಶಾಲೆಯಲ್ಲಿ ಮಾಸ್ತರ, ಅವ್ವನಿಗೆ ಆಸ್ಪತ್ರೆ ಕೆಲಸ. ಇಬ್ಬರೂ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮಧ್ಯಾಹ್ನದ ಊಟವಾದ ಮೇಲೆ ಅಲ್ಲಿಯತನಕ ಅತ್ತೆ ಕಟ್ಟಿಗೆ ಬಾಗಿಲು ತೆರೆದು, ಜಾಳಿಗೆ ಬಾಗಿಲಿಗೆ ಚಿಲಕ ಹಾಕಿ, ಕೌದಿ ಹಿಡಿದು ಕೂರುವಳು. ಒಮ್ಮೆ ಕೂತರೆ ಮೊಣಕಾಲಿನ ದೆಸೆಯಿಂದ ನಾವು ಬರುವತನಕ ಏಳುತ್ತಿರಲಿಲ್ಲ. ಹಗಲು ಹೊತ್ತು ಜಾಳಿಗೆಯ ಗುಣ ನಿಮಗೆ ಗೊತ್ತಲ್ಲ — ಒಳಗಿದ್ದವರಿಗೆ ಹೊರಗಿನದೆಲ್ಲ ಕಾಣುತ್ತದೆ, ಹೊರಗಿದ್ದವರಿಗೆ ಒಳಗಿನದು ಬರೀ ಕತ್ತಲು. ಬೀದಿಯಲ್ಲಿ ಹೋಗುವವರಿಗೆ ಆ ಕತ್ತಲೊಳಗಿಂದ ತಮ್ಮ ಹೆಸರು ಕೇಳಿಸುತ್ತಿತ್ತು. ಕಾಲು ಉಳುಕಿದ್ದು ಹೇಗಾಯಿತು, ಮಗಳ ಬಾಣಂತನ ಮುಗಿಯಿತೇ, ಎಮ್ಮೆ ಕರು ಹಾಕಿತೇ. ಜನ ನಿಂತು ಬಾಗಿಲ ಜೊತೆ ಮಾತಾಡಿ ಮುಂದೆ ಹೋಗುತ್ತಿದ್ದರು. ಕರೆಂಟು ಹೋದರೂ ಕೆಡದ ಕ್ಯಾಮೆರಾ ನಮ್ಮ ಅತ್ತೆ. ಸಂಜೆ ಅಪ್ಪ ಚಹಾ ಹಿಡಿದು ಕೂತೊಡನೆ ಆ ದಿನದ ಸುದ್ದಿ ಶುರು.

ಒಂದು ಸಂಜೆಯ ಸುದ್ದಿಯಲ್ಲಿ ನಾನೇ ಇದ್ದೆ.

ಆಗ ಒಂಬತ್ತನೇ ತರಗತಿ. ತಾಲೂಕು ಖೋಖೋ ತಂಡಕ್ಕೆ ಆಯ್ಕೆಯಾಗಿದ್ದೆ, ರಾಯಚೂರಲ್ಲಿ ಆಟ. ನಾನು ಓಡಿದರೆ ಹಿಂದೆ ಧೂಳು ಏಳುವುದಿಲ್ಲ, ಧೂಳಿಗೆ ಅಷ್ಟು ಪುರಸೊತ್ತೇ ಸಿಗುವುದಿಲ್ಲ — ಹೀಗಂತ ನಾನೇ ಎಲ್ಲರಿಗೂ ಹೇಳಿಕೊಂಡಿದ್ದೆ. ಹೊರಡಲು ಐದು ದಿನ ಇರುವಾಗ ಗೆಳತಿಯ ಅಣ್ಣನ ಸ್ಕೂಟಿ ಸಿಕ್ಕಿತು. ಮೂರು ಜನ ಕೂತಿದ್ದೆವು. ಆಮೇಲೆ ಕತೆ ಹೇಳುವಾಗ ನಾಲ್ಕು ಎಂದೆ, ಕೇಳುವವರ ಮುಖ ನೋಡಿ ಐದು ಮಾಡಿದೆ. ಊರಲ್ಲಿ ಅಷ್ಟು ಬೀದಿಗಳಿದ್ದರೂ ಗಾಡಿಯನ್ನು ನಮ್ಮ ಮನೆಯ ಮುಂದೆಯೇ ಯಾಕೆ ತಂದೆ — ಮೆರೆಯುವುದಕ್ಕೆ, ಇನ್ನೇನು. ಬಾಗಿಲ ಎದುರಿಗೆ ಬರುತ್ತಲೇ ಎರಡೂ ಕೈ ಬಿಟ್ಟೆ.

"ತಮ್ಮಾ, ನಿನ್ನ ಮಗಳು ಎರಡೂ ಕೈ ಬಿಟ್ಟು ಗಾಡಿ ಹೊಡಿತಾಳ. ನಾ ಕಣ್ಣಾರೆ ನೋಡೀನಿ."

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಶಾಲೆಗೆ ಒಂದು ಚೀಟಿ ಬರೆದ — ಮಗಳನ್ನು ಕಳಿಸುವುದಿಲ್ಲ. ಐದನೇ ದಿನ ತಂಡದ ಜೀಪು ನಮ್ಮ ಬೀದಿಯಿಂದಲೇ ಹೋಯಿತು, ಹುಡುಗಿಯರು ಕೂಗುತ್ತಾ ಹೋದರು. ನಾನು ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಸೋತು ಬಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ, ಗೆದ್ದು ಬಂದರು. ಓಡುವಾಗ ತನ್ನ ಕಾಲಿಗೆ ತಾನೇ ತೊಡರಿ ಬೀಳುವ ಹುಡುಗಿ ನನ್ನ ನಂಬರಿನ ಅಂಗಿ ಹಾಕಿಕೊಂಡು, ಗೆದ್ದ ಕಪ್ಪು ಹಿಡಿದು, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡಳು.

ಅತ್ತೆಗೆ ಏನು ಮಾಡಲಿ ಎಂದು ಎರಡು ವಾರ ಯೋಚಿಸಿದೆ. ಚಹಾಕ್ಕೆ ಉಪ್ಪು, ಕೌದಿ ಚೀಲಕ್ಕೆ ಇರುವೆ — ಎಲ್ಲ ಸಣ್ಣ ಮಕ್ಕಳಾಟ ಅನ್ನಿಸಿತು. ನನ್ನದು ಆಟ ಹೋಗಿತ್ತು, ಆಕೆಯದೂ ಆಟವೇ ಹೋಗಬೇಕು. ಕಾಲು ಆಗಲೇ ಹೋಗಿದ್ದವು. ಉಳಿದದ್ದು ಕಣ್ಣು ಮತ್ತು ಬಾಯಿ. ಹೌದು, ಹೀಗೆಯೇ ಲೆಕ್ಕ ಹಾಕಿದೆ.

ದಾರಿ ತೋರಿಸಿದ್ದು ಪಕ್ಕದ ಮನೆಯ ಆಡು. ತುಕ್ಕು ಹಿಡಿದ ನಮ್ಮ ಹಳೇ ಜಾಳಿಗೆಗೆ ಕೊಂಬು ತೂರಿಸಿ, ಬಿಡಿಸಿಕೊಳ್ಳಲಾಗದೆ ಒದ್ದಾಡಿ, ತೊಟ್ಟಿಲಷ್ಟು ದೊಡ್ಡ ತೂತು ಮಾಡಿ ಹೋಯಿತು. ಅಪ್ಪನಿಗೆ ರಾಯಚೂರಲ್ಲಿ ಕೆಲಸವಿತ್ತು. ಮುಖ ಊದಿಸಿಕೊಂಡಿದ್ದ ನನ್ನನ್ನೂ ಕರೆದುಕೊಂಡು ಹೋದ. ಅಂಗಡಿಯಲ್ಲಿ ನನ್ನನ್ನು ನಿಲ್ಲಿಸಿ, ಚಲೋದು ನೋಡಿ ಆರಿಸು ಎಂದು ಹೇಳಿ, ಫೋನು ಬಂತೆಂದು ಹೊರಗೆ ಹೋದ. ಅಂಗಡಿಯವ ಎರಡು ಸುರುಳಿ ಬಿಚ್ಚಿದ, ಒಂದು ಕರಿಯದು, ಒಂದು ಬಿಳಿಯದು. ಬಾಗಿಲಿಗೆ ಬಿಸಿಲು ಬೀಳುತ್ತದೆಯೇ ಎಂದು ಕೇಳಿದ. ಮಧ್ಯಾಹ್ನದಿಂದ ಸಂಜೆತನಕ ಬೀಳುತ್ತದೆ ಎಂದೆ.

"ಹಂಗಾದ್ರ ಕರೇದು ಒಯ್ಯವ್ವ. ಬಿಳೇದು ನೋಡಾಕ ಚಂದ, ಖರೆ ಬಿಸಲು ಬಿದ್ರ ಮಿಂಚ್ತದ. ಒಳಗ ಕುಂತವರಿಗಿ ಹೊರಗಿಂದು ಏನೂ ಕಾಣಂಗಿಲ್ಲ."

ಆ ಮಾತು ಕೇಳಿದ ಕ್ಷಣ — ಹೇಗೆ ಹೇಳಲಿ, ರಾಯಚೂರಿನ ಆ ಸೆಕೆಯಲ್ಲೂ ಮೈಗೆ ತಂಪು ಗಾಳಿ ತಾಗಿದಂತಾಯಿತು.

"ಬಿಳೇದೇ ಕೊಡ್ರಿ," ಎಂದೆ.

ಭಾನುವಾರ ಮುಂಜಾನೆ ನಾನೇ ಕೂಡಿಸಿದೆ. ಫೋನಿನಲ್ಲಿ ಒಂದು ವಿಡಿಯೋ ನೋಡಿ ಅರ್ಧ ಇಂಜಿನಿಯರ್ ಆಗಿದ್ದೆ. ಚೌಕಟ್ಟಿನ ಪಟ್ಟಿಗಳನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ, ಹಳೆಯ ಜಾಳಿಗೆ ಕಿತ್ತು, ಹೊಸದನ್ನು ಮೇಲಿನ ಮೂಲೆಯಿಂದ ಎಳೆದು ಎಳೆದು ಬಾರಿಸುವ ಹಲಿಗೆಯ ಚರ್ಮದ ಹಾಗೆ ಬಿಗಿ ಮಾಡಿ, ಪಟ್ಟಿ ಕೂಡಿಸಿ ಮೊಳೆ ಹೊಡೆದೆ. ಮೊಳೆಗಳು ಅತ್ತೆಯ ಮಡಿಲಲ್ಲಿದ್ದವು. ಒಂದೊಂದಾಗಿ ಆರಿಸಿ, ಚೂಪು ತುದಿ ನನ್ನ ಕೈಗೆ ಚುಚ್ಚದ ಹಾಗೆ ತಿರುಗಿಸಿ ಕೊಡುತ್ತಿದ್ದಳು. ಹೋಗಿಬರುವವರಿಗೆಲ್ಲ ಕೂಗಿ ಹೇಳಿದಳು, ನೋಡ್ರಿ ನನ್ನ ಸೊಸಿ ಕೈಗುಣ. ಮುಂಜಾನೆ ಬಾಗಿಲಿಗೆ ನೆರಳು. ಬಿಳಿ ಜಾಳಿಗೆ ಮಲ್ಲಿಗೆಯ ಹಾಗೆ ಕಾಣುತ್ತಿತ್ತು. ಅಪ್ಪ ನನ್ನ ಬೆನ್ನು ತಟ್ಟಿದ.

ಸೋಮವಾರ ಶಾಲೆಯಿಂದ ಬಂದಾಗ ಅತ್ತೆ ಸೀರೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಸೊಸಿ, ಯಾಕೋ ಎಲ್ಲಾ ಮಂಜು ಮಂಜು ಕಾಣಾಕತ್ತದ."

ವಯಸ್ಸಾಯಿತಲ್ಲ ಅತ್ತೆ ಎಂದೆ. ಒಳಗೆ ಹೋಗಿ ದಿಂಬಿಗೆ ಮುಖ ಒತ್ತಿ ನಕ್ಕೆ.

ಯಾರಿಗೂ ಅನುಮಾನ ಬರಲಿಲ್ಲ. ಅಪ್ಪ, ಅವ್ವ ಬರುವ ಹೊತ್ತಿಗೆ ಒಳಗೆ ದೀಪ ಹಚ್ಚಿರುತ್ತಿತ್ತು, ಆಗ ಎಂಥ ಜಾಳಿಗೆಯಿಂದಲೂ ಹೊರಗಿನದು ಕಾಣುವುದಿಲ್ಲ. ಭಾನುವಾರ ಮಧ್ಯಾಹ್ನ ಅಪ್ಪ ಕಟ್ಟಿಗೆ ಬಾಗಿಲು ಮುಚ್ಚಿ ಮಲಗುತ್ತಿದ್ದ. ಟೀವಿ ಕಾಣುತ್ತದೆ, ಬೀದಿ ಕಾಣುವುದಿಲ್ಲ ಎಂದು ಅತ್ತೆ ಹೇಳಿದಾಗ, ಹತ್ತಿರದ್ದು ಉಳಿದು ದೂರದ್ದು ಹೋಗುತ್ತಿದೆ ಎಂದು ಎಲ್ಲರೂ ನಂಬಿದರು. ಕಣ್ಣಿನ ಡಾಕ್ಟರು ವಯಸ್ಸಿಗೆ ತಕ್ಕ ಪೊರೆ ಇದೆ, ಇನ್ನೂ ಎಳೆಯದು ಎಂದು ಹನಿ ಔಷಧಿ ಬರೆದರು. ನನ್ನ ಸುಳ್ಳಿಗೆ ಡಾಕ್ಟರರ ಚೀಟಿಯೂ ಸಿಕ್ಕಿತು.

ಇಲ್ಲಿಗೇ ನಿಲ್ಲಿಸಿದ್ದರೆ — ಇಲ್ಲ, ನಾನು ನಿಲ್ಲಿಸುವವಳಲ್ಲ. ಬೀದಿಯಲ್ಲಿ ಏನು ನಡೆದಿದೆ, ನೀನಾದರೂ ನೋಡಿ ಹೇಳು ಎಂದು ಅತ್ತೆ ದಿನಾ ನನ್ನನ್ನೇ ಕೇಳತೊಡಗಿದಳು. ನಾನು ಹೇಳಿದೆ. ಕಿರಾಣಿ ಅಂಗಡಿಯವ ಕುದುರೆ ಕೊಂಡಿದ್ದಾನೆ. ಎದುರು ಮನೆಯ ಕಂಡಕ್ಟರು ಮೀಸೆಗೆ ಬಣ್ಣ ಹಚ್ಚಿದ್ದರು, ಅರ್ಧ ಮೀಸೆ ಉದುರಿತು. ಆಕೆ ಸಂಜೆ ಅದನ್ನೇ ಅಪ್ಪನಿಗೆ ಹೇಳುವಳು, ಮರುದಿನ ಬೀದಿಗೂ ಹೇಳುವಳು. ಮೊದಲು ಜನ ನಕ್ಕರು. ಆಮೇಲೆ, ಮುದುಕಿಗೆ ಕಣ್ಣಿನ ಜೊತೆ ಬುದ್ಧಿಯೂ ಹೋಗುತ್ತಿದೆ ಎಂದರು. ಆಕೆಯ ಒಂದು ಮಾತು ನನ್ನನ್ನು ಮುಳುಗಿಸಿತ್ತು. ಇನ್ನು ಆಕೆಯ ಮಾತನ್ನು ನಾಯಿಯೂ ಮೂಸಬಾರದು — ಅದು ನನ್ನ ಹಟ.

ಕೊನೆಗೆ ಒಂದು ದಿನ, ಕಂಡಕ್ಟರು ಪೆಟ್ಟಿಗೆ ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದರು, ಮನೆ ಬಿಟ್ಟೇ ಹೋದರಂತೆ ಎಂದು ಹೇಳಿದೆ. ಮರುದಿನ ಅವರ ಹೆಂಡತಿಯ ದನಿ ಕೇಳುತ್ತಲೇ ಅತ್ತೆ ಜಾಳಿಗೆಯೊಳಗಿಂದ ಕರೆದು ಸಮಾಧಾನ ಹೇಳಿದ್ದಾಳೆ, ಅತ್ತೂ ಇದ್ದಾಳೆ. ಸಂಜೆ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಬೀದಿಯ ಅರ್ಧ ಜನ ಅವರ ಬೆನ್ನಿಗೆ. ಇಂಥ ಮಾತು ಯಾಕೆ ಹಬ್ಬಿಸುತ್ತೀ ಎಂದು ಆ ಹೆಂಗಸು ಕೇಳಿದಳು. ಅತ್ತೆ ಬಾಯಿ ತೆರೆದಳು.

"ನಾ ಕಣ್ಣಾರೆ —"

ಅಲ್ಲಿಗೆ ನಿಂತಿತು. ಆಕೆ ಕಂಡಿರಲಿಲ್ಲ. ಕಂಡೆ ಎಂದು ಆಕೆಗೆ ಹೇಳಿದವಳು ನಾನು, ಮೂರು ಮೊಳ ದೂರದಲ್ಲಿ ನಿಂತಿದ್ದೆ. ನನ್ನ ಕಡೆ ಒಮ್ಮೆ ನೋಡಿದಳು. ಸುಜಾತಾ ಹೇಳಿದಳು ಎಂದಿದ್ದರೆ ಸಾಕಿತ್ತು. ಬೀದಿಯ ಎಲ್ಲರ ಸುದ್ದಿ ಹೇಳುವವಳು ನನ್ನ ಹೆಸರು ಮಾತ್ರ ಹೇಳಲಿಲ್ಲ. ತಲೆ ತಗ್ಗಿಸಿ, ತಪ್ಪಾತು ಯವ್ವಾ ಎಂದು ಆ ಹೆಂಗಸಿಗೆ ಕೈ ಮುಗಿದಳು.

ಅವರು ಹೋದ ಮೇಲೆ ಅಪ್ಪ ಮೆಲ್ಲಗೆ ಹೇಳಿದ, "ಅಕ್ಕಾ, ನಿನಗ ಕಾಣಂಗಿಲ್ಲ. ಕಂಡಂಗ ಹೇಳಬ್ಯಾಡ. ಇನ್ನ ಬಾಗಲಿಗಿ ಕುಂದ್ರಬ್ಯಾಡ."

ಕುರ್ಚಿಯನ್ನು ಒಳಕೋಣೆಗೆ ಒಯ್ದವಳು ನಾನೇ. ಒಯ್ಯುವಾಗ ಗೆದ್ದೆ ಅನ್ನಿಸಿತು. ಇದನ್ನು ಮುಚ್ಚಿಡಬಾರದು — ನಿಜವಾಗಿ ಅನ್ನಿಸಿತು. ಕಪ್ಪು ಹಿಡಿದ ಆ ಹುಡುಗಿಗೂ ಅಷ್ಟು ಅನ್ನಿಸಿರಲಿಕ್ಕಿಲ್ಲ.

ಒಳಕೋಣೆಯಲ್ಲಿ ಕಿಟಕಿ ಇಲ್ಲ. ಬೀದಿಯವರು ಮೊದಮೊದಲು ಬಾಗಿಲ ಹತ್ತಿರ ನಿಧಾನವಾಗುತ್ತಿದ್ದರು, ಯಾರೂ ಹೆಸರು ಹಿಡಿದು ಕರೆಯದೆ ಇದ್ದಾಗ ಮುಂದೆ ಹೋಗುತ್ತಿದ್ದರು. ಆಮೇಲೆ ನಿಧಾನವಾಗುವುದನ್ನೂ ಬಿಟ್ಟರು. ಅತ್ತೆ ಟ್ಯೂಬ್‌ಲೈಟಿನ ಕೆಳಗೆ ಕೌದಿ ಹೊಲಿಯುತ್ತಿದ್ದಳು, ಯಾರೋ ಬೆನ್ನು ಹತ್ತಿದ ಹಾಗೆ. ಯಾಕೆ ಇಷ್ಟು ಅವಸರ ಎಂದು ಒಮ್ಮೆ ಕೇಳಿದೆ.

"ಕಣ್ಣು ಪೂರಾ ಹೋಗೋದ್ರಾಗ ನಿನ್ನ ಕೌದಿ ಮುಗಸ್ತೀನಿ, ಸೊಸಿ."

ನನ್ನ ಕೌದಿ. ಅಲ್ಲಿಯತನಕ ಅದು ಯಾರದೆಂದು ನಾನು ಕೇಳಿಯೇ ಇರಲಿಲ್ಲ. ಆಗ ಹೇಳಬೇಕಿತ್ತು. ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದೆ —

ಈಗ ನನಗೆ ಹದಿನೇಳು. ರಾಯಚೂರಲ್ಲಿ ಪಿಯುಸಿ, ಹಾಸ್ಟೆಲಿನಲ್ಲಿದ್ದೇನೆ. ಆ ಕೌದಿಯನ್ನೇ ಹೊದ್ದು ಮಲಗುತ್ತೇನೆ. ನಡುವಿನಿಂದ ಆಚೆ ಹೊಲಿಗೆ ದೊಡ್ಡದಾಗುತ್ತಾ ಹೋಗುತ್ತದೆ. ಎಲ್ಲಿಂದ ಆಕೆಗೆ ಹೆದರಿಕೆ ಶುರುವಾಯಿತು ಎಂದು ಬೆರಳಿಟ್ಟು ತೋರಿಸಬಲ್ಲೆ. ಹೋದ ವಾರ ಅಪ್ಪ ಫೋನು ಮಾಡಿದ. ಆ ಆಡಿನ ಮೊಮ್ಮಗನೋ ಮರಿಮಗನೋ ನಮ್ಮ ಜಾಳಿಗೆ ಹರಿದಿದೆಯಂತೆ, ಬರುವಾಗ ಹೊಸದು ತಾ ಎಂದ. ಅದೇ ಅಂಗಡಿಗೆ ಹೋದೆ. ಕೇಳುವ ಮೊದಲೇ ಕರಿಯದು ಕೊಡ್ರಿ ಎಂದೆ. ಸುರುಳಿ ಹಾಸ್ಟೆಲಿನ ಮಂಚದ ಕೆಳಗಿದೆ. ನಾಳೆ ಭಾನುವಾರ, ಮೊದಲ ಬಸ್ಸಿಗೆ ಊರಿಗೆ.

ಸುಮ್ಮನೆ ಬಡಿದು ಬರಬಹುದು. ಅತ್ತೆಗೆ ಬೀದಿ ಕಾಣುತ್ತದೆ, ಹನಿ ಔಷಧಿ ಕೆಲಸ ಮಾಡಿತು ಎಂದು ಎಲ್ಲರೂ ಹಿಗ್ಗುತ್ತಾರೆ, ನನಗೆ ಇನ್ನೊಮ್ಮೆ ಬೆನ್ನು ತಟ್ಟುತ್ತಾರೆ. ಎರಡು ದಿನ ಈ ಯೋಚನೆಯಲ್ಲಿ ಸುಖವಾಗಿಯೇ ಇದ್ದೆ. ಆದರೆ ಆಕೆ ನನ್ನ ಹೆಸರು ನುಂಗಿದ್ದು ನೆನಪಾಗುತ್ತದೆ. ಅದೊಂದು ನನ್ನಿಂದ ಅರಗುತ್ತಿಲ್ಲ.

ಹಾಗಾಗಿ ನಾಳೆ ಮುಂಜಾನೆ ಕರಿ ಜಾಳಿಗೆ ಬಡಿಯುತ್ತೇನೆ, ಮೊಳೆಗಳನ್ನು ನಾನೇ ಎತ್ತಿಕೊಳ್ಳುತ್ತೇನೆ. ಕುರ್ಚಿಯನ್ನು ಬಾಗಿಲಿಗೆ ತಂದು ಅತ್ತೆಯನ್ನು ಕೂಡಿಸುತ್ತೇನೆ. ಬಿಸಿಲು ಬಾಗಿಲಿಗೆ ಬಂದಾಗ, ಔಷಧಿಯ ಹೆಸರು ಆಕೆಯ ಬಾಯಿಂದ ಬರುವ ಮೊದಲೇ, ಹೊರಗೆ ಬೀದಿಯಲ್ಲಿ ಆಕೆಯ ಎದುರಿಗೆ ನಿಂತು ಇಲ್ಲಿ ಬರೆದದ್ದನ್ನೆಲ್ಲ ಓದುತ್ತೇನೆ. ಹೋಗಿಬರುವವರು ನಿಂತು ಕೇಳಿದರೆ ಕೇಳಲಿ, ಕಂಡಕ್ಟರೂ ಕೇಳಲಿ. ಆಕೆಗೆ ನಾನು ತಲೆಯಿಂದ ಕಾಲಿನತನಕ ಕಾಣುತ್ತೇನೆ. ಆಕೆಯ ಮುಖ ನನಗೆ ಕಾಣುವುದಿಲ್ಲ — ನಗುವಳೋ, ಅಳುವಳೋ, ಎದ್ದು ಒಳಗೆ ಹೋದಳೋ ತಿಳಿಯುವುದಿಲ್ಲ. ಕತ್ತಲಿಗೆ ಓದಿದ ಹಾಗೆ ಓದಬೇಕು.

ಸಂಜೆ ಅಪ್ಪ ಚಹಾ ಹಿಡಿದು ಕೂತಾಗ ಆಕೆ ಸುದ್ದಿ ಹೇಳಲಿ, ಬಿಡಲಿ. ಈ ಸಲ ಕಣ್ಣಾರೆ ನೋಡಿರುತ್ತಾಳೆ.