ಗಾಳಿ ಗಂಗಣ್ಣ

ಗಂಗಣ್ಣ ಯಾವ ಕಾರನ್ನೂ ತಾವೇ ಓಡಿಸಿ ಪರೀಕ್ಷೆ ಮಾಡಿದವರಲ್ಲ. ಹಿಂದಿನ ಸೀಟಿನಲ್ಲಿ, ಮನೆಯ ಹಿರಿಯರು ಕೂರುವ ಜಾಗದಲ್ಲಿ ಕೂತು, ಅಂಗೈ ಮೇಲೆ ಟೀ ತುಂಬಿದ ಸ್ಟೀಲ್ ಲೋಟ ಇಟ್ಟುಕೊಂಡು "ನಡೀರಿ" ಅನ್ನುತ್ತಿದ್ದರು. ಪೀಣ್ಯದ ಒಳರಸ್ತೆಗಳು ಹೇಗಿವೆ ಎಂದು ನಾನು ಬೇರೆ ಹೇಳಬೇಕೇ? ಲಾರಿಗಳು ಅರೆದು ಬಿಟ್ಟ ಡಾಂಬರು, ಯಾರ್‍ಯಾರಿಗೆ ತೋಚಿದಲ್ಲೆಲ್ಲ ಹಂಪು. ಆ ದಾರಿಯಲ್ಲಿ ಒಂದು ಸುತ್ತು ಹಾಕಿಸಿ, ಲೋಟದಲ್ಲಿ ಉಳಿದ ಟೀ ಕುಡಿಯುತ್ತಾ ತೀರ್ಪು ಕೊಡುತ್ತಿದ್ದರು. ಟೀ ಅಂಗಿಯ ಮೇಲೆ ಚೆಲ್ಲಿದ್ದರೆ ಆ ಕಾರಿನ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಅದೂ ಎಂಥ ಅಂಗಿ! ಕಾರಿನ ಅಡಿಗೆ ತೂರುವ ಮನುಷ್ಯ ದಿನಾ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಬರುತ್ತಿದ್ದರು. ಒಗೆಯುವ ಅವರ ಹೆಂಡತಿಯ ಪಾಡು ನೆನೆದು ನಾನು ಎಷ್ಟೋ ಸಲ ಒಳಗೊಳಗೇ ಬೈದುಕೊಂಡಿದ್ದೇನೆ.

ನಾನು ನಾಗಸಂದ್ರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಕಾರು ಮೆಕ್ಯಾನಿಕ್ಕಿನ ಸಹವಾಸ ನನಗೆ ಅಂಟಿದ್ದು ನಮ್ಮ ಮನೆಯವರ ಬೆನ್ನಿನಿಂದ. ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದವರು ಏಣಿಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡರು. ವಾಕರ್ ಹಿಡಿದು ಮನೆಯೊಳಗೆ ಓಡಾಡುವಷ್ಟಾದರೂ ಗಾಡಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಒಂದು ಸಣ್ಣ ಕುಲುಕಿಗೂ ಜೀವ ಹೋದಂತೆ ಚೀರುತ್ತಿದ್ದರು. ಆ ಸಮಯಕ್ಕೇ ಸಿರಾ ಕಡೆಯ ಊರಿನಲ್ಲಿ ನಮ್ಮ ಮಾವ ತೀರಿಕೊಂಡರು. ಇವರೊಬ್ಬರೇ ಮಗ. ಹೋಗಲೇಬೇಕೆಂದು ಹೊರಟೆವು, ನೆಲಮಂಗಲ ಮುಟ್ಟುವ ಮೊದಲೇ ನೋವು ತಡೆಯಲಾರದೆ ವಾಪಸು ಬರಬೇಕಾಯಿತು. ಅಪ್ಪನಿಗೆ ಮಣ್ಣು ಹಾಕಿದವನು ಚಿಕ್ಕಪ್ಪನ ಮಗ. ಆಮೇಲೆ ಇವರು ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಯಾರೊಡನೆಯೂ ಮಾತೇ ಆಡಲಿಲ್ಲ.

ಗಾಳಿಯ ಸಸ್ಪೆನ್ಷನ್ ಇರುವ ಹಳೆಯ ದೊಡ್ಡ ಕಾರೊಂದನ್ನು ಕೊಂಡಿದ್ದು ಇವರನ್ನು ಹಾಸಿಗೆಯಿಂದ ಎಬ್ಬಿಸಲಿಕ್ಕೆ. ಗುಂಡಿ ಒತ್ತಿದರೆ ಕಾರು ತಗ್ಗುತ್ತದೆ, ಇವರು ಮೆಲ್ಲಗೆ ಒಳಗೆ ಸರಿಯುತ್ತಾರೆ. ಇನ್ನೊಂದು ಒತ್ತಿದರೆ ಏಳುತ್ತದೆ, ಹಳ್ಳದಿಣ್ಣೆಗೆ ಅಡಿ ತಾಗುವುದಿಲ್ಲ. ನಾನೇ ಓಡಿಸಲು ಕಲಿತೆ. ಇವರು ಫಿಸಿಯೋಥೆರಪಿಗೆ ಹೋಗತೊಡಗಿದರು, ಹಳೆಯ ಗೆಳೆಯರ ಮನೆಗೂ ಹೋಗಿಬಂದರು. ಅಷ್ಟರಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಕಾರಿನ ಹಿಂಭಾಗ ಹಟ ಹಿಡಿದ ಎಮ್ಮೆಯ ಹಾಗೆ ಒಂದು ಕಡೆ ಕುಸಿದು ಕೂತಿದೆ! ಒಂದು ಗ್ಯಾರೇಜಿನವರು ಗಾಳಿ ತುಂಬುವ ಕಂಪ್ರೆಸರನ್ನೇ ಹೊಸದು ಹಾಕಿದರು. ಅದೂ ಸುಟ್ಟುಹೋಯಿತು. ಆಮೇಲೆ, ಈ ತಾಪತ್ರಯವೇ ಬೇಡ, ಉಕ್ಕಿನ ಸ್ಪ್ರಿಂಗ್ ಹಾಕಿಸಿಬಿಡಿ ಎಂದರು. ಹಾಗೆ ಕೇಳುತ್ತಾ ಕೇಳುತ್ತಾ ಗಂಗಣ್ಣನ ಶೆಡ್ಡು ತಲುಪಿದೆ.

ಅವರು ಮೊದಲು ಬಸ್ ಡಿಪೋದಲ್ಲಿ ಏರ್ ಸಸ್ಪೆನ್ಷನ್ ಬಸ್ಸುಗಳ ಕೆಲಸ ಮಾಡಿದ್ದವರು. ಅದನ್ನು ಐದು ನಿಮಿಷಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಸಮಾಧಾನವಿಲ್ಲ. ಗಾಳಿಯ ವಿಷಯದಲ್ಲಿ ತುಮಕೂರು ರಸ್ತೆಯ ಉದ್ದಕ್ಕೂ ತನ್ನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂದು ಎದೆ ತಟ್ಟಿ ಹೇಳಿದರು. ಎಲಾ ಇವನ ಜಂಬವೇ ಅಂದುಕೊಂಡೆ. ಆದರೆ ಎಷ್ಟು ಬಿಡಿಸಿ ಹೇಳಿದರೆಂದರೆ, ಸ್ಕ್ರೂ ಹಿಡಿದು ಗೊತ್ತಿಲ್ಲದ ನನಗೂ ಅರ್ಥವಾಯಿತು. ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಇಲ್ಲಿ ದಪ್ಪ ರಬ್ಬರಿನ ಚೀಲ, ಅದರೊಳಗೆ ಗಾಳಿ. ಚಕ್ರದ ಹತ್ತಿರ ಎತ್ತರ ನೋಡುವ ಸೆನ್ಸರ್. ಜನ ಹತ್ತಿ ಕಾರು ತಗ್ಗಿತೋ, ಅದು ಸುದ್ದಿ ಮುಟ್ಟಿಸುತ್ತದೆ, ಕಂಪ್ರೆಸರ್ ಗಾಳಿ ತುಂಬುತ್ತದೆ. ಎತ್ತರ ಜಾಸ್ತಿಯಾಯಿತೋ, ವಾಲ್ವ್ ತೆರೆದು ಗಾಳಿ ಬಿಡುತ್ತದೆ. ಚೀಲದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಂಪ್ರೆಸರಿಗೆ ಬಿಡುವೇ ಇಲ್ಲ.

"ಅದು ಕಾಯ್ಲೆ ಬಂದು ಸತ್ತಿಲ್ಲ ಮೇಡಂ, ದುಡ್ದೂ ದುಡ್ದೂ ಸತ್ತದೆ," ಅಂದರು. "ತೂತು ಎಲ್ಲದೆ ಅಂತ ನೋಡ್ದೆ ಇನ್ನೊಂದು ಕೂರ್ಸಿದ್ರೆ, ಅದೂ ಅಂಗೇ ಸಾಯ್ತದೆ."

ಕಾರನ್ನು ಶೆಡ್ಡಿನಲ್ಲೇ ಬಿಟ್ಟು ಹೋಗಲು ಹೇಳಿದರು. ಎಷ್ಟೇ ಅವಸರವಿದ್ದರೂ ಗಾಡಿ ಒಂದು ರಾತ್ರಿ ಅಲ್ಲಿ ತಂಗಲೇಬೇಕು. ಮಾರನೆಯ ಬೆಳಿಗ್ಗೆ ಎಷ್ಟು ತಗ್ಗಿದೆ ಎಂದು ಗೇಣು ಹಾಕಿ ನೋಡಿ, ಸೋಪಿನ ನೀರನ್ನು ಬ್ರಷ್ಷಿನಿಂದ ಹಚ್ಚುತ್ತಾ ಹೋಗುವರು. ನಮ್ಮ ಕಾರಿನ ಚೀಲದ ಮಡಿಕೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದಾಗ ಮಗು ಹಲ್ಲು ಬಿಟ್ಟಿತು ಅನ್ನುವ ಖುಷಿಯಲ್ಲಿ ನನ್ನನ್ನು ಕರೆದು ತೋರಿಸಿದರು. ಚೀಲ ಬದಲಾಯಿಸಿ, ಕಂಪ್ರೆಸರ್ ಕೂರಿಸಿ ಆದ ಮೇಲೆ ಮಾಡಿದ್ದೇ ವಿಚಿತ್ರ. ನಮ್ಮ ಮನೆಯವರು ಕಾರಿನಲ್ಲಿ ಹೇಗೆ ಒರಗುತ್ತಾರೆ, ದಿಂಬು ಎಲ್ಲಿರುತ್ತದೆ, ನೋವು ಎಲ್ಲಿಂದ ಏಳುತ್ತದೆ ಎಂದು ಕೇಳಿ ಕೇಳಿ ತಿಳಿದುಕೊಂಡು, ತಾವೂ ಹಾಗೇ ಒರಗಿ, ಪೀಣ್ಯವೆಲ್ಲ ಸುತ್ತಿಸಿದರು. ಮೂರು ಸಲ ವಾಪಸು ಬಂದು ಎತ್ತರ ಸರಿಮಾಡಿದರು. ಉಕ್ಕಿನ ಸ್ಪ್ರಿಂಗ್ ಹಾಕಿಸಿದರೆ ಹೇಗೆ ಎಂದು ನಾನು ಬಾಯಿಬಿಟ್ಟದ್ದಕ್ಕೆ ಉರಿದುಬಿದ್ದರು.

"ಗಾಡಿ ಓಡಾಡ್ತದೆ ಕಣಕ್ಕಾ. ಅಣ್ಣ ಓಡಾಡಲ್ಲ."

ಮೇಡಂ ಹೋಗಿ ಅಕ್ಕ ಆದದ್ದು ಆವತ್ತು. ಆ ಮಾತಿಗೆ ನನಗೆ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಕೋಪ ಬಂದರೆ ಮಾತ್ರ ದೇವರೇ ಗತಿ. ಒಮ್ಮೆ ಪಂಕ್ಚರ್ ಅಂಗಡಿಯವನೊಬ್ಬ ಸಸ್ಪೆನ್ಷನ್ ಆಫ್ ಮಾಡದೆ ನಮ್ಮ ಕಾರಿಗೆ ಜಾಕ್ ಕೊಟ್ಟುಬಿಟ್ಟ. ಕಾರು ಎತ್ತರವಾಯಿತೆಂದು ಸೆನ್ಸರ್ ನಂಬಿತು, ಚೀಲದ ಗಾಳಿಯೆಲ್ಲ ಹೊರಗೆ. ಇಳಿಸುವಾಗ ಖಾಲಿ ಚೀಲ ಅಡ್ಡಾದಿಡ್ಡಿ ಮಡಚಿಕೊಂಡಿತು. ಗಂಗಣ್ಣ ಅದನ್ನು ಸರಿಮಾಡಿ ಸುಮ್ಮನಿರಲಿಲ್ಲ. ನಾಗಸಂದ್ರದಿಂದ ಜಾಲಹಳ್ಳಿ ಕ್ರಾಸ್‌ವರೆಗಿನ ಪಂಕ್ಚರ್ ಅಂಗಡಿಗಳಿಗೆಲ್ಲ ನನ್ನನ್ನೂ ಕಾರನ್ನೂ ಕರೆದುಕೊಂಡು ಹೋಗಿ, ಯಾವ ಗುಂಡಿ ಒತ್ತಿದ ಮೇಲೆ ಜಾಕ್ ಕೊಡಬೇಕೆಂದು ಪಾಠ ಹೇಳಿದರು. ಅಂಗಡಿಯವರು ನನ್ನನ್ನು ಯಾವುದೋ ಕಂಪನಿಯ ಟ್ರೇನರ್ ಅಂದುಕೊಂಡಿರಬೇಕು.

ಅಂಥವರು, ಮಾವ ಹೋದ ಮೇಲೆ ನಮ್ಮ ಜೊತೆಗೇ ಬಂದಿದ್ದ ನಮ್ಮತ್ತೆಯ ಮುಂದೆ ಮೆತ್ತಗಾದದ್ದನ್ನು ನೋಡಬೇಕಿತ್ತು. ಆಯುಧಪೂಜೆಯ ದಿನ ನಮ್ಮತ್ತೆ, ಡಿಕ್ಕಿಯಲ್ಲಿ ಕೂತಿರುವ ಕಂಪ್ರೆಸರೇ ಕಾರಿನ ಜೀವ ಎಂದು ನನ್ನಿಂದ ಕೇಳಿ ತಿಳಿದವರು, ಬಾನೆಟ್ಟಿಗೆ ಒಂದು ಬೊಟ್ಟು ಇಟ್ಟು, ಉಳಿದ ಅರಿಶಿನ ಕುಂಕುಮವನ್ನೆಲ್ಲ ಕಂಪ್ರೆಸರಿನ ಮೇಲೆ ಸುರಿದರು. ಅದು ಉಸಿರೆಳೆಯುವ ಫಿಲ್ಟರಿನಲ್ಲಿ ಕುಂಕುಮ ಗಟ್ಟಿ ಕೂತು, ಕಾರು ಏಳಲು ಏದುಸಿರು ಬಿಡತೊಡಗಿತು. ಆಯುಧಪೂಜೆ ಮುಗಿದ ವಾರ ತಮಗೆ ಯಾವತ್ತೂ ಇದೇ ಕೆಲಸ ಎಂದು ಗೊಣಗುತ್ತಲೇ ಗಂಗಣ್ಣ ಮನೆಗೆ ಬಂದರು. ಬಾಗಿಲಲ್ಲಿ ಅತ್ತೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದರು. ಗಂಗಣ್ಣ ಫಿಲ್ಟರ್ ಬಿಚ್ಚಿದವರೇ, ಅದರ ಕುಂಕುಮಕ್ಕೆ ಬೆರಳು ಒತ್ತಿ ತಮ್ಮ ಹಣೆಗಿಟ್ಟುಕೊಂಡರು.

"ಪ್ರಸಾದ ಅಲ್ವಾ ಅವ್ವ, ಬಿಸಾಕಕ್ಕಾಯ್ತದಾ?"

ಆಮೇಲೆ ಮುಂದಿನ ಸಲ ಪೂಜೆ ಬಾನೆಟ್ಟಿಗೆ ಸಾಕು, ಮೂಗಿಗೆ ಬೇಡ ಎಂದು ಮೆಲ್ಲಗೆ ತಿಳಿಸಿ, ಅತ್ತೆ ಕೊಟ್ಟ ಒಬ್ಬಟ್ಟು ತಿಂದು ಹೋದರು.

ಕಳೆದ ಚಳಿಗಾಲದಲ್ಲಿ ಶೆಡ್ಡಿನ ಪಕ್ಕದ ಟೀ ಅಂಗಡಿಯವರು ಫೋನ್ ಮಾಡಿದರು. ಗಂಗಣ್ಣ ಮಲಗಿದ್ದಲ್ಲೇ ಹೋಗಿದ್ದರು, ಎದೆನೋವಂತೆ. ಮಧ್ಯಾಹ್ನ ನೆಲಮಂಗಲ ದಾಟಿ ಒಳಗಿರುವ ಅವರ ಊರಿನ ಹೊಲದಲ್ಲೇ ಮಣ್ಣು. ನಮ್ಮ ಮನೆಯವರು ಅಂಗಿ ಕೊಡು ಎಂದರು. ಬೆನ್ನು ಮುರಿದ ಮೇಲೆ ಅಷ್ಟು ದೂರ ಇವರು ಹೋದದ್ದೇ ಇಲ್ಲ. ಕೆರೆ ಏರಿ ದಾಟಿದರೆ ಅಲ್ಲಿ ರಸ್ತೆ ಎಂಬುದೇ ಇಲ್ಲವಂತೆ. ದಾರಿಯಲ್ಲಿ ಗಾಳಿ ಹೋಗಿಬಿಟ್ಟರೆ ಸರಿಮಾಡಲು ಇನ್ನು ಯಾರಿದ್ದಾರೆ? ಬೇಡವೆಂದೆ.

"ಅಪ್ಪನ್ ಮಣ್ಣಿಗೂ ಹೋಗ್ಲಿಲ್ಲ," ಅಂದರು ಇವರು. "ಇದಕ್ಕೂ ಬೇಡ ಅಂತೀಯಾ?"

ಅತ್ತೆ ಒಳಗಿಂದ ಅಂಗಿ ತಂದುಕೊಟ್ಟರು.

ಕೆರೆ ಏರಿ ಇಳಿದ ಮೇಲೆ ಕಾರನ್ನು ಎತ್ತರಿಸಿ, ಗಾಡಿಜಾಡಿನಲ್ಲಿ ಇರುವೆಯಂತೆ ಹೊರಟೆ. ಕಾರು ಹಳ್ಳಕ್ಕಿಳಿದಾಗಲೆಲ್ಲ ಕನ್ನಡಿಯಲ್ಲಿ ಇವರ ಮುಖ ನೋಡುತ್ತಿದ್ದೆ. ಹಲ್ಲು ಕಚ್ಚಿದ್ದರು, ಚೀರಲಿಲ್ಲ. ಹೊಲದ ಬದುವಿನ ತನಕ ಹೋಗಿ ಕಾರನ್ನು ತಗ್ಗಿಸಿದೆ. ಅಣ್ಣ, ನೀವು ಒಳಗೇ ಇರಿ, ಬಂದಿರಲ್ಲ ಅಷ್ಟೇ ಸಾಕು ಎಂದು ಜನ ಹೇಳಿದರು. ಇವರು ಕೇಳಲಿಲ್ಲ. ಕಾಲು ನೆಲಕ್ಕೂರಿ, ಒಂದು ಕೈ ವಾಕರಿಗೆ, ಇನ್ನೊಂದು ನನ್ನ ಭುಜಕ್ಕೆ ಕೊಟ್ಟು, ಉಳುಮೆಯ ಹೆಂಟೆಗಳ ಮೇಲೆ ಗುಂಡಿಯವರೆಗೂ ನಡೆದರು. ಗಂಗಣ್ಣನ ಮಗ ಮಣ್ಣು ಹಾಕಿ ಪಕ್ಕಕ್ಕೆ ಸರಿದ. ಇವರಿಗೆ ಬಗ್ಗಲಾಗದು. ನಾನು ಬಗ್ಗಿ ಹಿಡಿ ಮಣ್ಣು ತೆಗೆದು ಇವರ ಕೈಗಿಟ್ಟೆ. ಬಹಳ ಹೊತ್ತು ಹಿಡಿದುಕೊಂಡಿದ್ದು, ಆಮೇಲೆ ಹಾಕಿದರು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ಬಿಕ್ಕಿ ಬಿಕ್ಕಿ ಅತ್ತರು. ಬೆನ್ನಿನ ನೋವಿಗಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೇ ಗಾಡಿ ನಿಲ್ಲಿಸಲಿಲ್ಲ.